ಕೂಸಿನ ಕರುಳು ಜೋಡಿಸುವಾಗ ನಾನು ನೋಡುವುದು

ಹುಟ್ಟಿ ಒಂದೆರಡು ದಿನದ ಕೂಸು ಹಸಿರು ವಾಂತಿ ಮಾಡುತ್ತಿದೆ ಅಂತ ಫೋನ್ ಬಂದರೆ ನಾನು ಹೇಳುವುದು ಇಷ್ಟೇ: ಹಾಲು ನಿಲ್ಲಿಸಿ, ಹೊಟ್ಟೆಗೆ ಟ್ಯೂಬ್ ಹಾಕಿ, ಡ್ರಿಪ್ ಕೊಟ್ಟು, ಬೆಚ್ಚಗೆ ಸುತ್ತಿ ಕಳಿಸಿ. ಹಾಲು ಕಕ್ಕುವುದು ಬೇರೆ, ಹಸಿರು ಬೇರೆ. ಹಸಿರು ಅಂದರೆ ಪಿತ್ತ. ಕರುಳು ತಿರುಚಿಕೊಂಡಿದ್ದರೆ ಕೆಲವೇ ಗಂಟೆಗಳಲ್ಲಿ ಕೊಳೆಯಬಹುದು. ನಾಳೆ ನೋಡೋಣ ಅನ್ನುವ ಹಾಗಿಲ್ಲ.

ಎಕ್ಸ್‌ರೇಯಲ್ಲಿ ಮೂರ್ನಾಲ್ಕು ದೊಡ್ಡ ಗಾಳಿಗುಳ್ಳೆ ಕಂಡು, ಅದರ ಕೆಳಗೆ ಗಾಳಿಯೇ ಇಲ್ಲದಿದ್ದರೆ ಜೆಜುನಮ್‌ನಲ್ಲಿ, ಅಂದರೆ ಸಣ್ಣ ಕರುಳಿನ ಮಧ್ಯದ ಭಾಗದಲ್ಲಿ, ದಾರಿ ಮುಚ್ಚಿರುವ ಸಾಧ್ಯತೆ ಜಾಸ್ತಿ. ಹೊಟ್ಟೆ ತೆರೆದರೆ ಮೇಲಿನ ತುದಿ ಊದಿಕೊಂಡಿರುತ್ತದೆ, ಕೆಳಗಿನದು ಪೆನ್ ರೀಫಿಲ್‌ನಷ್ಟು ಸಣ್ಣ. ಸುಮ್ನೆ ಎರಡನ್ನೂ ಸೇರಿಸಿ ಹೊಲಿದರೆ ಆಯ್ತಲ್ವಾ ಅನ್ನಿಸುತ್ತದೆ. ಆಗುವುದಿಲ್ಲ. ಊದಿದ ಭಾಗಕ್ಕೆ ಮುಂದಕ್ಕೆ ತಳ್ಳುವ ಶಕ್ತಿ ಇರುವುದಿಲ್ಲ. ಹೊಲಿಗೆ ಚೆನ್ನಾಗಿದ್ದರೂ ಹಾಲು ಅಲ್ಲೇ ನಿಲ್ಲುತ್ತದೆ.

ಹಾಗಾಗಿ ಆ ಭಾಗವನ್ನು ತೆಗೆದುಬಿಡುತ್ತೇನೆ, ಆದರೆ ಉಳಿಯುವ ಕರುಳನ್ನು ಅಳೆದ ಮೇಲೆ. ತಿಂಗಳು ತುಂಬಿ ಹುಟ್ಟಿದ ಮಗುವಿಗೆ ಸಣ್ಣ ಕರುಳು ಸುಮಾರು ಎರಡರಿಂದ ಎರಡೂವರೆ ಮೀಟರ್ ಇರುತ್ತದೆ. ತೀರಾ ಕಮ್ಮಿ ಉಳಿಯುವಂತಿದ್ದರೆ ಕತ್ತರಿಸುವುದಿಲ್ಲ, ಅಗಲವನ್ನು ಕಿರಿದು ಮಾಡಿ ಹೊಲಿಯುತ್ತೇನೆ. ಕೆಳಗಿನ ತುದಿಗೆ ಸಲೈನ್ ಬಿಟ್ಟು ದೊಡ್ಡ ಕರುಳಿನ ತನಕ ಹರಿಯುತ್ತದಾ ಅಂತ ನೋಡಲೇಬೇಕು. ಇನ್ನೊಂದು ಕಡೆಯೂ ಮುಚ್ಚಿರುವುದುಂಟು. ಆಮೇಲೆ ಆ ಸಣ್ಣ ತುದಿಯನ್ನು ಓರೆಯಾಗಿ ಕತ್ತರಿಸಿ, ಸ್ವಲ್ಪ ಸೀಳಿ ಬಾಯಿ ಅಗಲ ಮಾಡುತ್ತೇನೆ. ಒಂದೇ ಪದರದಲ್ಲಿ ಬಿಡಿ ಬಿಡಿ ಹೊಲಿಗೆ.

ಹೊರಗೆ ಬಂದರೆ ಬೇರೆಯೇ ಪ್ರಶ್ನೆ. ಬಸುರಿಯಲ್ಲಿ ಪಪ್ಪಾಯಿ ತಿಂದಳಾ, ಗ್ರಹಣದ ದಿನ ಹೊರಗೆ ಹೋಗಿದ್ದಳಾ? ಬೈಗುಳವೆಲ್ಲ ಬಾಣಂತಿಯ ಮೇಲೆ. ಆಗ ಕೇಪ್‌ಟೌನ್‌ನ ಸರ್ಜನ್‌ಗಳಾದ ಲೋ ಮತ್ತು ಬರ್ನಾರ್ಡ್ ನನ್ನ ನೆರವಿಗೆ ಬರುತ್ತಾರೆ. ಹೌದು, 1967ರಲ್ಲಿ ಮನುಷ್ಯನಿಗೆ ಮನುಷ್ಯನ ಹೃದಯ ಕಸಿ ಮಾಡಿದ ಅದೇ ಬರ್ನಾರ್ಡ್. ತಾಯಿಯ ಗರ್ಭದಲ್ಲಿರುವಾಗಲೇ ನಾಯಿಮರಿಯ ಕರುಳಿಗೆ ಹೋಗುವ ರಕ್ತನಾಳ ಕಟ್ಟಿದರೆ ಇಂಥದೇ ದೋಷ ಬರುತ್ತದೆ ಅಂತ ಇವರು 1955ರಲ್ಲಿ ತೋರಿಸಿದರು. ರಕ್ತ ಸಿಗದ ತುಂಡು ಕರಗಿಹೋಗಿದೆ, ಇದರಲ್ಲಿ ಇವಳ ತಪ್ಪೇನಿದೆ ಅಂತ ಅತ್ತೆಯ ಎದುರಿಗೇ ಹೇಳುತ್ತೇನೆ. ಆಪರೇಷನ್‌ನಷ್ಟೇ ಮುಖ್ಯವಾದ ಕೆಲಸ ಇದು ಅಂತ ನನ್ನ ಎಣಿಕೆ.

ಆಮೇಲೆ ಕಾಯುವುದು. ಟ್ಯೂಬಿನಲ್ಲಿ ಬರುವ ಹಸಿರು ತಿಳಿಯಾಗಿ, ಕಮ್ಮಿಯಾಗಿ, ಮಗು ಕಕ್ಕಸು ಮಾಡುವವರೆಗೂ ಬಾಯಿಗೆ ಏನೂ ಇಲ್ಲ. ಆಹಾರವೆಲ್ಲ ರಕ್ತನಾಳದ ಮೂಲಕ. ಅಷ್ಟರಲ್ಲಿ ಅಜ್ಜಿಯೊಬ್ಬರು ಬಂದು, ಒಂದೇ ಒಂದು ಹನಿ ಜೇನುತುಪ್ಪ ನೆಕ್ಕಿಸಲಾ ಡಾಕ್ಟ್ರೇ ಅಂತ ಕೇಳಿಯೇ ಕೇಳುತ್ತಾರೆ. ಬೇಡಮ್ಮಾ, ಮನೆಗೆ ಹೋದ ಮೇಲೂ ಬೇಡ, ತಾಯಿ ಹಾಲೇ ಸಾಕು ಅನ್ನುತ್ತೇನೆ.