ಗಂಡಸರ ಬೀಜದಾಗ (ವೃಷಣದಾಗ) ಗಂಟು ಬಂದೈತಿ: ಆಪರೇಷನ್‌ಗಿಂತ ಮುಂಚೆ ಕ್ಯಾನ್ಸರ್ ಹೌದೋ ಅಲ್ಲೋ ಅಂತ ಹೆಂಗ ಅಂದಾಜು ಮಾಡ್ತಾರ

ನಮ್ಮ ಕಡೆ ಇದನ್ನ ಯಾರೂ ಬಾಯಿ ಬಿಟ್ಟು ಹೇಳಂಗಿಲ್ಲ. ನಮ್ಮ ಸೋದರಮಾವನ ಮಗ, ಇಳಕಲ್‌ದಾಗ ಮಗ್ಗ ನಡಸಾವ, 27 ವಯಸ್ಸು, ಬಲಗಡೆ ಬೀಜದಾಗ ಗೋಲಿಯಂಥ ಗಟ್ಟಿ ಗಂಟು ಬಂದು ಎರಡು ತಿಂಗಳಾದ್ರೂ ನೋವಿಲ್ಲ ಅಂತ ಸುಮ್ನಿದ್ದ, ಕಡೀಕ ಒಬ್ರು ಡಾಕ್ಟರ್ ಕಡೆ ಹೋದ್ರ ಅವ್ರು ಕೈ ಹಚ್ಚಿ ನೋಡಲಾರ್ದ ಮೂರು ವಾರ ಗುಳಿಗಿ ಕೊಟ್ಟು ಕಳಿಸಿದ್ರು. ನೋವಿಲ್ಲದ ಗಂಟಿಗೇ ಜಾಸ್ತಿ ಹೆದರಬೇಕು ಅಂತ ಗೊತ್ತಾಗಿದ್ದು ಆಮ್ಯಾಲ.

ಮೊದಲ ಪ್ರಶ್ನೆ, ಗಂಟು ಬೀಜದ ಒಳಗ ಐತೋ ಹೊರಗ ಐತೋ. ಬಿಸಿನೀರಿನ ಜಳಕ ಮಾಡಿದ ಮ್ಯಾಲ ಚರ್ಮ ಸಡಿಲ ಇರ್ತೈತಿ, ಆವಾಗ ಹೆಬ್ಬಟ್ಟು ಮತ್ತ ಎರಡು ಬಟ್ಟಿನ ನಡುವ ಮೆತ್ತಗ ಹೊರಳಿಸಿ ನೋಡ್ರಿ. ಹಿಂದ ಮೆತ್ತನ್ನ ಹಗ್ಗದಂಥದ್ದು ಸಿಗ್ತೈತಿ, ಅದು ಎಪಿಡಿಡಿಮಿಸ್ (ವೀರ್ಯಾಣು ಕೂಡಿಡೋ ನಳಿಗಿ), ಎಲ್ಲಾರಿಗೂ ಇರ್ತೈತಿ, ಅದನ್ನ ಹಿಡ್ಕೊಂಡು ಗಾಬರಿ ಆಗಬ್ಯಾಡ್ರಿ. ಬೀಜದ ಹೊರಗಿನ ಗಂಟು ಬಾಳ ಮಟ್ಟಿಗೆ ಕ್ಯಾನ್ಸರ್ ಅಲ್ಲ, ನೀರಿನ ಗುಳ್ಳಿ ಇರ್ತೈತಿ, ಇಲ್ಲಾ ಶಾವಿಗಿ ಗಂಟು ಕಟ್ಟಿದಂಗ ಹತ್ತೋ ವೆರಿಕೋಸೀಲ್ (ಉಬ್ಬಿದ ರಕ್ತನಾಳ), ಕೆಲವೊಮ್ಮೆ ಟಿಬಿ. ಬೀಜದ ಒಳಗ ಗಟ್ಟಿ ಗಂಟು ಕೈಗೆ ಸಿಕ್ತು ಅಂದ್ರ ಲೆಕ್ಕ ಬ್ಯಾರೆ, ಸುಮಾರು 10ರಾಗ 9 ಕ್ಯಾನ್ಸರೇ ಇರ್ತಾವ.

ಕತ್ತಲ ಖೋಲ್ಯಾಗ ಹಿಂದಿಂದ ಮೊಬೈಲ್ ಟಾರ್ಚ್ ಹಚ್ಚಿದ್ರ ನೀರು ತುಂಬಿದ್ದು ಕೆಂಪಗ ಬೆಳಗ್ತೈತಿ, ಗಟ್ಟಿ ಗಂಟು ಬೆಳಗಂಗಿಲ್ಲ. ಹಂಗಂತ ಬೆಳಗಿತು ಅಂತ ಮನಿಗೆ ಹೋಗಬ್ಯಾಡ್ರಿ, ಹೈಡ್ರೋಸೀಲ್ (ಬೀಜದ ಸುತ್ತ ನೀರು ತುಂಬೂದು) ನೀರಿನ ಹಿಂದ ಗಂಟು ಅಡಗಿರ್ತೈತಿ ಒಮ್ಮೊಮ್ಮೆ. ಮತ್ತ ಒಮ್ಮಿಂದೊಮ್ಮೆಲೇ ಜೋರ ನೋವು ಬಂದ್ರ ಬೀಜ ತಿರುವಿರಬಹುದು, ಸುಮಾರು 6 ತಾಸಿನೊಳಗ ಅದನ್ನ ಬಿಡಿಸಬೇಕು, ತಕ್ಷಣ ಆಸ್ಪತ್ರಿಗೆ ಹೋಗ್ರಿ, ಇದನ್ನ ಓದ್ಕೊಂತ ಕುಂದ್ರಬ್ಯಾಡ್ರಿ.

ಆಮ್ಯಾಲ ಸ್ಕ್ಯಾನ್. ಡಾಪ್ಲರ್ (ರಕ್ತ ಓಡ್ಯಾಡೂದನ್ನ ತೋರಿಸೂದು) ಇರೋ ಅಲ್ಟ್ರಾಸೌಂಡೇ ಬೇಕು, ಎರಡೂ ಕಡೆ ನೋಡಬೇಕು. ರಿಪೋರ್ಟ್‌ನ್ಯಾಗ ಬೀಜದೊಳಗ ಹೈಪೋಎಕೋಯಿಕ್ (ಸ್ಕ್ಯಾನ್‌ನ್ಯಾಗ ಸುತ್ತಲಿಗಿಂತ ಕಪ್ಪಗ ಕಾಣೋ) ಗಂಟು, ಅದರಾಗ ರಕ್ತ ಓಡ್ಯಾಡಾಕತ್ತೈತಿ ಅಂತ ಬರದಿದ್ರ ಅನುಮಾನ ಗಟ್ಟಿ. ಉಳ್ಳಾಗಡ್ಡಿ ಕೊಯ್ದಂಗ ಸುತ್ತು ಸುತ್ತು ಕಂಡು ರಕ್ತ ಓಡ್ಯಾಟ ಇರಲಿಲ್ಲ ಅಂದ್ರ ಎಪಿಡರ್ಮಾಯ್ಡ್ ಸಿಸ್ಟ್ ಇರಬಹುದು, ಅದು ಕ್ಯಾನ್ಸರ್ ಅಲ್ಲ. ಸೋಂಕಿನಾಗೂ ರಕ್ತ ಜಾಸ್ತಿ ಓಡ್ತೈತಿ, ಆದ್ರ ಔಷಧಕ್ಕ ಇಳೀತೈತಿ, ಅದಕ್ಕ ಮತ್ತೊಮ್ಮೆ ಸ್ಕ್ಯಾನ್ ಮಾಡ್ತಾರ. ಮಕ್ಕಳಾಗಲಿಲ್ಲ ಅಂತ ಸ್ಕ್ಯಾನ್ ಮಾಡಿಸಿದಾಗ ಸಿಗೋ, ಕೈಗೆ ಹತ್ತಲಾರದ ಸಣ್ಣ ಚುಕ್ಕಿ ಬಾಳ ಸಲ ಕ್ಯಾನ್ಸರ್ ಇರಂಗಿಲ್ಲ.

ರಕ್ತ ಪರೀಕ್ಷೆ ಮೂರು, ಕ್ಯಾನ್ಸರ್ ಇದ್ರ ರಕ್ತದಾಗ ಏರಬಹುದಾದ ವಸ್ತುಗಳದ್ದು: ಎಎಫ್‌ಪಿ, ಬೀಟಾ ಎಚ್‌ಸಿಜಿ, ಎಲ್‌ಡಿಎಚ್. ಇಲ್ಲೇ ಜನ ಮೋಸ ಹೋಗೂದು. ಮೂರೂ ನಾರ್ಮಲ್ ಬಂದ್ರ ಕ್ಯಾನ್ಸರ್ ಇಲ್ಲ ಅಂತ ಅಲ್ಲ, ಸೆಮಿನೋಮಾದಾಗ (ಬೀಜದ ಕ್ಯಾನ್ಸರಿನ ಒಂದು ನಮೂನಿ) ಬಾಳ ಮಂದಿಗೆ ನಾರ್ಮಲ್ಲೇ ಇರ್ತಾವ, ಶುದ್ಧ ಸೆಮಿನೋಮಾ ಎಎಫ್‌ಪಿ ಏರಿಸೂದೇ ಇಲ್ಲ. ಎಎಫ್‌ಪಿ ಇಲ್ಲಾ ಬೀಟಾ ಎಚ್‌ಸಿಜಿ ಏರಿದ್ರ ಅನುಮಾನ ಇನ್ನೂ ಗಟ್ಟಿ ಆಗ್ತೈತಿ. ಆಪರೇಷನ್ ಮುಂಚೇನೇ ರಕ್ತ ತಗೊಳ್ಳಬೇಕು, ಆಮ್ಯಾಲ ಇಳಿಯೂದನ್ನ ಅದಕ್ಕ ಹೋಲಿಸ್ತಾರ, ಎಎಫ್‌ಪಿ ಅರ್ಧಕ್ಕ ಇಳಿಯಾಕ 5ರಿಂದ 7 ದಿನ ಬೇಕು. ಸಣ್ಣವರಿದ್ದಾಗ ಬೀಜ ಕೆಳಗ ಇಳಿದಿರಲಿಲ್ಲ ಅಂದ್ರ, ಅಪ್ಪಗೋ ಅಣ್ಣತಮ್ಮಗೋ ಇದೇ ಕ್ಯಾನ್ಸರ್ ಆಗಿತ್ತು ಅಂದ್ರ ಅದನ್ನೂ ಹೇಳ್ರಿ. 60 ದಾಟಿದವರಾಗ ಲಿಂಫೋಮಾ (ಬಿಳಿ ರಕ್ತಕಣದ ಕ್ಯಾನ್ಸರ್) ಅನುಮಾನ ಮೊದಲು ಬರ್ತೈತಿ.

ಇಷ್ಟೆಲ್ಲಾ ಅಂದಾಜು ಯಾಕಂದ್ರ ಸೂಜಿ ಚುಚ್ಚಿ ಪರೀಕ್ಷೆ ಮಾಡಂಗಿಲ್ಲ. ಬೀಜದ ಲಿಂಫ್ (ಕ್ಯಾನ್ಸರ್ ಕಣ ಹೊತ್ಕೊಂಡು ಹೋಗಬಲ್ಲ ತಿಳಿ ದ್ರವ) ಹೊಟ್ಟಿಯೊಳಗ ಕಿಡ್ನಿ ಹತ್ರ ಹೋಗ್ತೈತಿ, ಚೀಲದ ಚರ್ಮದ್ದು ತೊಡಿಸಂದಿಗೆ, ಸೂಜಿ ಹಾಕಿದ್ರ ಕ್ಯಾನ್ಸರ್‌ಗೆ ಹೊಸ ದಾರಿ ತೋರಿಸಿದಂಗ. ಅದಕ್ಕ ಅನುಮಾನ ಇದ್ರ ತೊಡಿಸಂದಿ ಮ್ಯಾಲಿಂದ ಕೊಯ್ದು ಇಡೀ ಬೀಜ ತೆಗೀತಾರ. ಸ್ಕ್ಯಾನ್ ಮಾಡಲಾರ್ದ, ಹೈಡ್ರೋಸೀಲ್ ಅಂತ ಕೆಳಗಿಂದ ಕೊಯ್ಯಾಕ ಹೊಂಟ್ರ ಬ್ಯಾಡ ಅನ್ರಿ. ಬೆಳಗಾವಿಯೋ ವಿಜಯಪುರವೋ, ಯುರಾಲಜಿಸ್ಟ್ (ಮೂತ್ರನಾಳ, ಬೀಜದ ರೋಗದ ಡಾಕ್ಟರ್) ಇರೋ ಕಡೆ ಹೋಗ್ರಿ.

ಇನ್ನೂ ಮಕ್ಕಳು ಬೇಕಾದವರು ಆಪರೇಷನ್ ಮುಂಚೆ ವೀರ್ಯ ಶೇಖರಣೆ ಬಗ್ಗೆ ಕೇಳ್ರಿ. ನಮ್ಮ ಹುಡುಗ ನಾಚಿ ಬ್ಯಾಡೇ ಬ್ಯಾಡ ಅಂದ, ಅವರವ್ವನೇ ಕಾರಿಡಾರ್‌ದಾಗ ನಿಂತು ಬೈದು ಒಳಗ ಕಳಿಸಿದ್ಲು.