ಹೆಡರ್‌ಗೆ ಡಬ್ಬಿ ಬಣ್ಣ: ಮೂರು ಮಳೆಗಾಲದ ಲೆಕ್ಕ

ಇಂಜಿನ್ನಿನ ಹೊಗೆ ಹೊರಗೆ ಒಯ್ಯುವ ಪೈಪುಗಳ ಗೊಂಚಲು, ಅಂದರೆ ಮೈಲ್ಡ್ ಸ್ಟೀಲ್ ಹೆಡರ್‌ಗೆ ಸೆರಾಮಿಕ್ ಲೇಪ ಬಿಟ್ಟರೆ ಬೇರೇನೂ ಕೊಡಗಿನ ಮಳೆಗೆ ನಿಲ್ಲಲ್ಲ ಅಂತ ಗೋಣಿಕೊಪ್ಪಲಿನಿಂದ ಮಡಿಕೇರಿವರೆಗೆ ಗ್ಯಾರೇಜುಗಳಲ್ಲಿ ಒಂದೇ ಮಾತು. ಬೆಂಗಳೂರಿಗೆ ಕಳಿಸಿ ಮಾಡಿಸಿದರೆ ಸಾಗಾಟ ಸೇರಿ ಹತ್ತು ಸಾವಿರದ ಆಸುಪಾಸು. ನನ್ನ ಜಿಪ್ಸಿ ಗಾಡಿಯ ಹೆಡರಿಗೆ ಹೊಡೆದದ್ದು 600 ಡಿಗ್ರಿ ಬಿಸಿ ತಡೆಯುವ ಸಿಲಿಕೋನ್ ಅಲ್ಯೂಮಿನಿಯಂ ಪೇಂಟ್. ಬ್ಲಾಸ್ಟಿಂಗ್ (ಗಾಳಿಯ ಒತ್ತಡದಲ್ಲಿ ಒರಟು ಪುಡಿ ಹೊಡೆದು ತುಕ್ಕು ತೆಗೆಯುವುದು), ಜಿಡ್ಡು ಒರೆಸುವ ಅಸಿಟೋನ್ ಸೇರಿ ಎರಡು ಸಾವಿರ ದಾಟಿಲ್ಲ. ಮೂರು ಕಕ್ಕಡ, ಅಂದರೆ ಜೋರು ಮಳೆಯ ತಿಂಗಳು, ಕಳೆದರೂ ಒಂದೆರಡು ಜಾಗ ಬಿಟ್ಟರೆ ಪೈಪು ಬೆಳ್ಳಗೇ ಇದೆ. ಪೋರ್ಟ್ (ಇಂಜಿನ್ನಿನಿಂದ ಹೊಗೆ ಹೊರಬರುವ ಬಾಯಿ) ಬುಡ ಕೆಂಪಗಾಗುವಷ್ಟು ತುಳಿಯುವ ಆಟೋಕ್ರಾಸ್ ರೇಸಿನ ಗಾಡಿಗೆ ಮಾತ್ರ ಇದು ಬೇಡ.

ಅದಕ್ಕೆ ಮೊದಲು ಕೆಟ್ಟದ್ದು ಎರಡು ಸಲ. ಮೊದಲ ಸಲ ವೈರ್ ಬ್ರಷ್ ಉಜ್ಜಿ, ಜಿಂಕ್ ಪ್ರೈಮರ್ ಮೇಲೆ ಬಣ್ಣ. ಬ್ರಷ್ ತುಕ್ಕನ್ನು ಪಾಲಿಶ್ ಮಾಡುತ್ತದೆಯೇ ಹೊರತು ಬಣ್ಣಕ್ಕೆ ಹಿಡಿತ ಕೊಡಲ್ಲ. ಪ್ರೈಮರಿನ ಸತು 419 ಡಿಗ್ರಿಗೇ ಕರಗುತ್ತದೆ. ವಾರದಲ್ಲಿ ಹಾಳೆ ಹಾಳೆಯಾಗಿ ಎದ್ದಿತು. ಎರಡನೇ ಸಲ ಬ್ಲಾಸ್ಟಿಂಗ್ ಸರಿಯಾಗಿತ್ತು, ಆದರೆ ಬಣ್ಣ ಗಟ್ಟಿಯಾಗಲು ಇಂಜಿನ್ ಓಡಿಸಿಯೇ ಬೇಯಿಸಿದೆ. ಮೊದಲ ಬೆಂಡ್ ಬೆಂದಿತು, ಪೈಪುಗಳೆಲ್ಲ ಒಂದಾಗುವ ಕಲೆಕ್ಟರ್ ಹಸಿಯಾಗೇ ಉಳಿಯಿತು. ತೋಡಿನ ನೀರು ಬಿದ್ದ ಕಡೆಯೆಲ್ಲ ಕಿತ್ತುಬಂತು.

ಕೆಲಸ ಹಿಡಿಯಬೇಕಾದ್ದು ಜನವರಿಯಿಂದ ಮಾರ್ಚ್ ಒಳಗೆ. ಹಳೇ ಹೆಡರ್ ಆದರೆ ಮೊದಲು 300 ಡಿಗ್ರಿಗೆ ಕಾಯಿಸಿ ಎಣ್ಣೆ ಸುಡಿಸಿ. ಆಮೇಲೆ 80 ಗ್ರಿಟ್ ಅಲ್ಯೂಮಿನಿಯಂ ಆಕ್ಸೈಡ್ ಪುಡಿಯಿಂದ ಬ್ಲಾಸ್ಟಿಂಗ್. ಮಳೆಗಾಲದಲ್ಲಿ ಬ್ಲಾಸ್ಟ್ ಮಾಡಿದ ಲೋಹ ಗಂಟೆಯೊಳಗೆ ಕಂದು ತಿರುಗುತ್ತದೆ, ಬೇಸಿಗೆಯಲ್ಲೂ ಅದೇ ದಿನ ಬಣ್ಣ ಹೊಡೆಯಬೇಕು. ಬರಿಗೈ ತಾಗಬಾರದು, ಬೆರಳಚ್ಚಿದ್ದ ಕಡೆಯೇ ಮೊದಲು ಏಳುವುದು. ಇಂಜಿನ್ನಿಗೆ ಕೂರುವ ಫ್ಲೇಂಜ್ ಮುಖ, ಸೆನ್ಸರ್ ಥ್ರೆಡ್‌ಗೆ ಟೇಪ್. ಪೋರ್ಟ್ ಬಾಯಿಗೆ ಬಟ್ಟೆ. ಒಳಗೆ ಸಿಲಿಕೋನ್ ಹೋದರೆ ಆಕ್ಸಿಜನ್ ಸೆನ್ಸರ್ ಕೆಡುತ್ತದೆ. ಕಂಪ್ರೆಸರಿಗೆ ಗಾಳಿಯ ನೀರು ಹಿಡಿಯುವ ಮಾಯ್ಶ್ಚರ್ ಟ್ರ್ಯಾಪ್ ಇಲ್ಲದಿದ್ದರೆ ಸ್ಪ್ರೇ ಗನ್ ಮುಟ್ಟಲೇಬೇಡಿ.

ಪ್ರೈಮರ್ ಇಲ್ಲ. ತೆಳ್ಳಗೆ ಎರಡು ಕೋಟ್, ಒಟ್ಟು 40-50 ಮೈಕ್ರಾನ್. ದಪ್ಪ ಹೊಡೆದರೆ ಒಳಗೆ ಸಿಕ್ಕಿಕೊಂಡ ಥಿನ್ನರ್ ಗುಳ್ಳೆ ಎಬ್ಬಿಸುತ್ತದೆ. ಎರಡು ಕೋಟಿನ ನಡುವೆ ನಾನು ಮಾಡುವುದೊಂದಿದೆ, ಅದನ್ನು ಇಲ್ಲಿ ಬರೆಯಲ್ಲ.

ಗೆಲ್ಲಿಸಿದ್ದು ಒಲೆ. 200 ಲೀಟರ್ ಡ್ರಮ್, ಒಳಗೆ ಎರಡು ಹೀಟರ್ ಕಾಯಿಲ್, ಹೊರಗೆ ರಾಕ್ ವೂಲ್. ಡ್ರಮ್ಮಿನ ಸ್ವಂತ ಬಣ್ಣವನ್ನು ಮೊದಲೇ ಸುಟ್ಟುಬಿಡಿ, ಇಲ್ಲದಿದ್ದರೆ ಆ ಹೊಗೆಯೆಲ್ಲ ಹೆಡರ್ ಮೇಲೆ ಕೂರುತ್ತದೆ. 120, 200, 315 ಡಿಗ್ರಿ. ಒಂದೊಂದಕ್ಕೆ ಅರ್ಧ ಗಂಟೆ, ನಡುವೆ ಪೂರ್ತಿ ತಣ್ಣಗಾಗಬೇಕು. ಇದ್ದಿಲಿನಿಂದಲೂ ಮಾಡಿ ನೋಡಿದೆ: ಒಂದು ಕಡೆ ಸೀದು, ಇನ್ನೊಂದು ಕಡೆ ಹಸಿ. ದೂರದಿಂದ ಬಿಸಿ ಅಳೆಯುವ ಥರ್ಮಲ್ ಗನ್ ನಂಬಬೇಡಿ. ಹೊಳೆಯುವ ಮೈಯಲ್ಲಿ ಅದು ನೂರು ಡಿಗ್ರಿವರೆಗೂ ಕಮ್ಮಿ ತೋರಿಸಿದೆ. ಪೈಪಿಗೇ ಕೆ-ಟೈಪ್ ಥರ್ಮೋಕಪಲ್ (ಬಿಸಿ ಅಳೆಯುವ ತಂತಿ) ಕಟ್ಟಿ.

ಇದರ ಜೊತೆಗೇ ಒಂದು ಪೈಪಿಗೆ ಮಾತ್ರ ಬಿಸಿ ತಡೆಯುವ ಗ್ಲಾಸ್ ಫೈಬರ್ ಪಟ್ಟಿ, ಅಂದರೆ ರ‍್ಯಾಪ್ ಸುತ್ತಿ ನೋಡಿದೆ. ಬಾನೆಟ್ ಒಳಗಿನ ಬಿಸಿ ಇಳಿದದ್ದು ನಿಜ. ಆದರೆ ಗಾಡಿ ನಾಲ್ಕು ದಿನ ಶೆಡ್ಡಿನಲ್ಲಿ ನಿಂತರೆ ಅದು ಒದ್ದೆ ಗೋಣಿಯ ಹಾಗೆ ನೀರು ಹಿಡಿದುಕೊಳ್ಳುತ್ತದೆ. ಒಂದೇ ಮಳೆಗಾಲಕ್ಕೆ ಅಡಿಯಲ್ಲಿ ತುಕ್ಕು ಹೊಂಡ ಬಿದ್ದಿತ್ತು.

ಈಗಲೂ ಸೋಲುವ ಜಾಗ ಕಲೆಕ್ಟರಿನ ವೆಲ್ಡ್ ಸಂದಿ. ವೆಲ್ಡಿಂಗ್‌ನ ಕಿಟ್ಟ (ಸ್ಲ್ಯಾಗ್) ಪೂರ್ತಿ ಕೆತ್ತಿದರೂ ವರ್ಷಕ್ಕೊಮ್ಮೆ ಅಲ್ಲಿ ಕಂದು ಗೆರೆ ಮೂಡುತ್ತದೆ. ಮೇ ತಿಂಗಳಲ್ಲಿ ಅಷ್ಟಕ್ಕೇ ಎಮರಿ ಹೊಡೆದು, ಸಣ್ಣ ಬ್ರಷ್‌ನಲ್ಲಿ ಬಣ್ಣ ಮುಟ್ಟಿಸಿ, ಹೀಟ್ ಗನ್ ಹಿಡಿಯುತ್ತೇನೆ.