ಕೊನೇ ಪಂಕ್ತಿಯ ಅತಿಥಿ: ಸ್ಟರ್ಜನ್ ತೊಟ್ಟಿಗೆ ಜೊತೆ ಮೀನು ಆರಿಸುವುದು ಹೇಗೆ?

ನಮ್ಮ ಕಡೆ ಕೆರೆಗೆ ಮೀನುಮರಿ ಬಿಡುವವರಿಗೆ ಒಂದು ಲೆಕ್ಕ ಗೊತ್ತು. ಕಾಟ್ಲಾ ಮೇಲ್ನೀರಿನಲ್ಲಿ ಮೇಯುತ್ತದೆ, ರೋಹು ನಡುನೀರಿನಲ್ಲಿ, ಮೃಗಾಲ್ ತಳದಲ್ಲಿ. ಒಂದರ ಊಟಕ್ಕೆ ಇನ್ನೊಂದು ಅಷ್ಟಾಗಿ ಬಾಯಿ ಹಾಕುವುದಿಲ್ಲ. ಇಂಗ್ಲೆಂಡು, ಜರ್ಮನಿ ಕಡೆ ನೆಲೆಸಿ, ಅಲ್ಲಿನ ಗಾರ್ಡನ್ ಸೆಂಟರಿನಲ್ಲಿ ಗೇಣುದ್ದದ ಸ್ಟರ್ಜನ್ ಮರಿ ಕಂಡು ಮರುಳಾದವರಿಗೆ ನಾನು ಹೇಳುವುದೂ ಇದೇ ಲೆಕ್ಕ. ಬಣ್ಣ ನೋಡಿ ಜೊತೆ ಮೀನು ತರಬೇಡಿ. ಯಾವುದು ಎಲ್ಲಿ ಉಣ್ಣುತ್ತದೆ, ಎಷ್ಟು ಬೇಗ ಉಣ್ಣುತ್ತದೆ ಎಂದು ನೋಡಿ ತನ್ನಿ. ತಳದಲ್ಲಿ ತಡಕಿ ಉಣ್ಣುವ ಸ್ಟರ್ಜನ್ ಯಾವತ್ತೂ ಕೊನೇ ಪಂಕ್ತಿಗೆ ಕೂರುವ ಅತಿಥಿ. ಮುಂಚೆ ಕೂತವರು ಎಲ್ಲ ಮುಗಿಸಿ ಎದ್ದರೆ ಅದಕ್ಕೆ ಉಳಿಯುವುದು ಬರೀ ಎಲೆ.

1. ಕೊಳ್ಳುವುದು ಸ್ಟರ್ಲೆಟ್ ಎಂದು ಖಚಿತ ಮಾಡಿಕೊಳ್ಳಿ

ಸ್ಟರ್ಜನ್ ಎಂದರೆ ಒಂದು ಮೀನಲ್ಲ, ಇಡೀ ಕುಲ. ಕ್ಯಾವಿಯರ್ ಎಂಬ ದುಬಾರಿ ಮೊಟ್ಟೆ ಸಿಗುವುದು ಈ ಕುಲದಿಂದಲೇ. ಇದರಲ್ಲಿ ಬೆಲುಗಾದಂಥವು 5 ಮೀಟರ್ ದಾಟಿ ಬೆಳೆದದ್ದುಂಟು. ಮನೆಯಲ್ಲಿ ಸಾಕಲು ಯೋಚಿಸಬಹುದಾದದ್ದು ಡ್ಯಾನ್ಯೂಬ್, ವೋಲ್ಗಾ ನದಿಗಳ ಸ್ಟರ್ಲೆಟ್ ಒಂದೇ. ಅದೂ ಏನು ಚಿಕ್ಕದಲ್ಲ: ಸಾಮಾನ್ಯವಾಗಿ ಅರ್ಧ ಮೀಟರಿನ ಆಸುಪಾಸು, ಕೆಲವು ಮೀಟರ್ ಮುಟ್ಟುತ್ತವೆ, 20 ವರ್ಷಕ್ಕೂ ಹೆಚ್ಚು ಬದುಕುತ್ತವೆ.

ಗುರುತು ಹೀಗೆ: ಸ್ಟರ್ಲೆಟ್‌ನ ಮೂತಿ ಉದ್ದ, ಚೂಪು. ಮೂತಿಯಡಿಯ ನಾಲ್ಕು ಮೀಸೆಗಳಿಗೆ ಜಾಲರಿಯಂಥ ಅಂಚು. ಪಕ್ಕೆಯುದ್ದಕ್ಕೂ ಸಣ್ಣ ಎಲುಬಿನ ಬಿಲ್ಲೆಗಳು ಒತ್ತೊತ್ತಾಗಿ, 50ಕ್ಕೂ ಹೆಚ್ಚು. ‘ಡೈಮಂಡ್’ ಎಂದು ಮಾರುವ ರಷ್ಯನ್ ಸ್ಟರ್ಜನ್‌ಗೆ ಬಿಲ್ಲೆ ದೊಡ್ಡವು, ಎಣಿಕೆಯಲ್ಲಿ ಕಡಿಮೆ, ಮೂತಿ ಮೊಂಡು. ಅದರ ಹೊಳಪು ಕಂಡು ಸೋಲಬೇಡಿ, ಅದು ನಿಮ್ಮ ತೊಟ್ಟಿಯನ್ನು ಮೀರಿ ಬೆಳೆಯುತ್ತದೆ. ಸ್ಟರ್ಜನ್‌ಗಳೆಲ್ಲವೂ 1998ರಿಂದ ವನ್ಯಜೀವಿ ವ್ಯಾಪಾರದ ಸೈಟೀಸ್ ಒಪ್ಪಂದದ ಪಟ್ಟಿಯಲ್ಲಿವೆ. ಫಾರ್ಮಿನಲ್ಲಿ ಮರಿಯಾದದ್ದೇ ಎಂದು ಅಂಗಡಿಯವರನ್ನು ಕೇಳಿ ತಿಳಿದುಕೊಳ್ಳಿ.

2. ನೀರು ನಿಜವಾಗಿ ತಣ್ಣಗಿದೆಯೇ ಎಂದು ಅಳೆಯಿರಿ

ಹೀಟರ್ ಹಾಕದ ತೊಟ್ಟಿ ತಣ್ಣಗಿರುತ್ತದೆ ಎಂದು ನಂಬಿ ಕೆಡುವವರೇ ಹೆಚ್ಚು. ಇಂಗ್ಲೆಂಡಿನ ಮನೆಯ ಹಜಾರದಲ್ಲಿ ಚಳಿಗಾಲದಲ್ಲೂ ರೂಮ್ ಹೀಟಿಂಗ್ ನಡೆದು 20 ಡಿಗ್ರಿ ಇರುತ್ತದೆ. ಸ್ಟರ್ಲೆಟ್‌ಗೆ ಹಿತವಾದದ್ದು 10ರಿಂದ 18 ಡಿಗ್ರಿ ಸೆಲ್ಸಿಯಸ್. 20 ದಾಟಿದರೆ ಎಚ್ಚರ. ಆದ್ದರಿಂದ ತೊಟ್ಟಿಗೆ ಜಾಗ ಗ್ಯಾರೇಜು ಅಥವಾ ಹಿತ್ತಿಲ ಶೆಡ್ಡು, ಟೀವಿ ಪಕ್ಕ ಅಲ್ಲ. 2022ರ ಜುಲೈ 19ರಂದು ಇಂಗ್ಲೆಂಡಿನ ಕನಿಂಗ್ಸ್‌ಬಿಯಲ್ಲಿ 40.3 ಡಿಗ್ರಿ ದಾಖಲಾಯಿತು. ಅಂಥ ದಿನಕ್ಕೆ ನೆರಳು, ಗಾಳಿ ಪಂಪು, ಬೇಕಾದರೆ ನೀರು ತಂಪು ಮಾಡುವ ಚಿಲ್ಲರ್ ಮೊದಲೇ ಸಿದ್ಧವಿರಬೇಕು.

ಬಿಸಿಯಾದಷ್ಟೂ ನೀರಿನಲ್ಲಿ ಪ್ರಾಣವಾಯು ಕರಗುವುದು ಕಡಿಮೆ. 10 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 11.3 ಮಿಲಿಗ್ರಾಂ ಹಿಡಿಯುವ ನೀರು, 25 ಡಿಗ್ರಿಯಲ್ಲಿ 8.3 ಮಾತ್ರ ಹಿಡಿಯುತ್ತದೆ. ಹಗಲೂ ರಾತ್ರಿ ಈಜುತ್ತಲೇ ಇರುವ ಸ್ಟರ್ಜನ್‌ಗೆ ಇದು ಉಸಿರಿನ ಪ್ರಶ್ನೆ. ಬೆಂಗಳೂರಿನಿಂದ ‘ಇಲ್ಲಿ ಸಾಕಬಹುದಾ?’ ಎಂದು ಕೇಳುವವರಿಗೂ ಉತ್ತರ ಇದರಲ್ಲೇ ಇದೆ. ಏಪ್ರಿಲ್ಲಿನಲ್ಲಿ ಇಲ್ಲಿನ ತೊಟ್ಟಿ ನೀರು ಅದರ ಪಾಲಿಗೆ ಬಿಸಿನೀರು. ಬೇಡ.

3. ಜಾಗದ ಲೆಕ್ಕ

ಉದ್ದ 3 ಮೀಟರ್, ಅಗಲ ಒಂದೂವರೆ, ಆಳ 60 ಸೆಂಟಿಮೀಟರ್. ಒಟ್ಟು 2700 ಲೀಟರ್. ಬೆಳೆದ ಎರಡು ಸ್ಟರ್ಲೆಟ್‌ಗೆ ಇದಕ್ಕಿಂತ ಕಡಿಮೆ ಸಾಕು ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಆಳಕ್ಕಿಂತ ನೆಲದ ವಿಸ್ತಾರ ಮುಖ್ಯ. ಮೂಲೆ ದುಂಡಗಿರಲಿ. ತಳಕ್ಕೆ ನುಣ್ಣನೆ ಮರಳು ಹಾಕಿ, ಚೂಪು ಜಲ್ಲಿ ಹೊಟ್ಟೆಯನ್ನೂ ಮೀಸೆಯನ್ನೂ ಗೀರುತ್ತದೆ. ನೂಲುಪಾಚಿ ಬೆಳೆಯಲು ಬಿಡಬೇಡಿ. ಅದರಲ್ಲಿ ಸಿಕ್ಕಿಕೊಂಡ ಸ್ಟರ್ಜನ್‌ಗೆ ಹಿಂದಕ್ಕೆ ಸರಿದು ಬಿಡಿಸಿಕೊಳ್ಳುವ ಚಾಕಚಕ್ಯತೆ ಇಲ್ಲ.

4. ಈಗ ಜೊತೆಗಾರರು

ಪ್ರತಿ ಮೀನಿನ ಬಗ್ಗೆಯೂ ನಾಲ್ಕು ಪ್ರಶ್ನೆ ಹಾಕಿ. ಇದೇ ತಣ್ಣೀರು ಇದಕ್ಕೆ ಹಿತವೇ? ಮೇಲೆ ಉಣ್ಣುತ್ತದೆಯೇ, ತಳದಲ್ಲೇ? ಸ್ಟರ್ಜನ್ ಮೈಗೆ ಬಾಯಿ ಹಾಕುತ್ತದೆಯೇ? ಸ್ಟರ್ಜನ್ ಬಾಯಿಗೆ ಹಿಡಿಸುವಷ್ಟು ಸಣ್ಣದೇ? ಸ್ಟರ್ಜನ್‌ಗೆ ಹಲ್ಲಿಲ್ಲ. ಆದರೆ ಬಾಯಿ ಕೊಳವೆಯಂತೆ ಮುಂದೆ ಚಾಚಿ, ತಳದಲ್ಲಿ ಸಿಕ್ಕಿದ್ದನ್ನು ಹೀರಿಕೊಳ್ಳುತ್ತದೆ. ರಾತ್ರಿ ಮರಳ ಮೇಲೆ ಮಲಗುವ ಬೆರಳುದ್ದದ ಮೀನು ಬೆಳಗ್ಗೆ ಲೆಕ್ಕಕ್ಕೆ ಸಿಗದಿದ್ದರೆ ಕಳ್ಳನನ್ನು ಹೊರಗೆ ಹುಡುಕಬೇಡಿ.

ನನ್ನ ಮೊದಲ ಆಯ್ಕೆ ರಡ್. ಯೂರೋಪಿನದೇ ಮೀನು, ಇದರ ಹೊಂಬಣ್ಣದ ತಳಿಯೂ ಸಿಗುತ್ತದೆ. ಬಾಯಿ ಮೇಲ್ಮುಖವಾಗಿರುವುದರಿಂದ ಊಟವೆಲ್ಲ ಮೇಲ್ನೀರಿನಲ್ಲೇ. ನಮ್ಮ ಕಾಟ್ಲಾದ ಜಾಗ ತುಂಬುವುದು ಇದೇ. ಗುಂಪಿನ ಮೀನು, ಐದಾರಾದರೂ ಇರಲಿ.

ಎಲ್ಲರೂ ಹೊಗಳುವುದು ಗೋಲ್ಡನ್ ಆರ್ಫ್ ಅನ್ನು. ಕಿತ್ತಳೆ ಬಣ್ಣ, ಬಾಣದ ವೇಗ, ಮೇಲ್ನೀರಿನ ವಾಸ, ತಣ್ಣೀರು ಇಷ್ಟ, ಎಲ್ಲ ಸರಿ. ಆದರೆ ಅದು 40 ಸೆಂಟಿಮೀಟರ್ ದಾಟುತ್ತದೆ, ಗುಂಪಿನಲ್ಲೇ ಇರಬೇಕು, ಬೆದರಿದರೆ ತೊಟ್ಟಿಯಿಂದ ಹಾರುತ್ತದೆ. ಹಿತ್ತಿಲಿನ ದೊಡ್ಡ ಕೊಳಕ್ಕೆ ಸೊಗಸು, ಮೇಲೆ ಹೇಳಿದ ತೊಟ್ಟಿಗೆ ಇಕ್ಕಟ್ಟು. ಇದರಿಂದ ಒಂದು ಉಪಕಾರವುಂಟು: ಪ್ರಾಣವಾಯು ಇಳಿದರೆ ಮೊದಲು ಮೇಲೆ ಬಂದು ಬಾಯಿ ಕಳೆಯುವುದು ಇದೇ.

ಟೆಂಚ್ ವಿಷಯದಲ್ಲಿ ತಕರಾರಿದೆ. ಸಾಧು ಮೀನು, ಚಳಿ ತಡೆಯುತ್ತದೆ, ಸ್ಟರ್ಜನ್ ತಂಟೆಗೆ ಹೋಗುವುದಿಲ್ಲ. ಆದರೆ ತಳದಲ್ಲಿ, ಮಬ್ಬುಗತ್ತಲಲ್ಲಿ ಉಣ್ಣುತ್ತದೆ. ಅಂದರೆ ಅದೇ ಪಂಕ್ತಿ, ಅದೇ ಹೊತ್ತು. ಜಾಗ ಧಾರಾಳವಿದ್ದರೆ ಒಂದು ಸಾಕು.

ಕಾಮೆಟ್, ಶುಬುಂಕಿನ್‌ನಂಥ ಉದ್ದ ಮೈಯ ಗೋಲ್ಡ್‌ಫಿಶ್ ಇರಬಹುದು, ಆದರೆ ಹೊಟ್ಟೆಬಾಕ. ಮೇಲಿನದನ್ನೂ ತಿಂದು ತಳಕ್ಕೂ ಇಳಿಯುತ್ತದೆ. ಒರಾಂಡಾ, ಮೂರ್ ಎಂಬ ಗುಂಡು ಹೊಟ್ಟೆಯ ಗೋಲ್ಡ್‌ಫಿಶ್ ತಳಿಗಳು ಚುರುಕಾಗಿ ಈಜಲಾರವು, ಫಿಲ್ಟರ್, ಪಂಪುಗಳ ಹರಿವಿನಲ್ಲಿ ಬಳಲುತ್ತವೆ. ಕೊಯ್ ಮೀನಿನದು ಗೋಲ್ಡ್‌ಫಿಶ್‌ನದೇ ಗುಣ, ಗಾತ್ರ ಹಲವು ಪಟ್ಟು. ತೊಟ್ಟಿಗೆ ಬೇಡ.

ಬೇಡವೇ ಬೇಡ ಎನ್ನುವವು: ಪರ್ಚ್, ಪೈಕ್, ವೆಲ್ಸ್ ಎಂಬ ಬೆಕ್ಕುಮೀನಿನಂಥ ಬೇಟೆಗಾರರು, ಇಕ್ಕಳವಿರುವ ಕ್ರೇಫಿಶ್, ಮುಳ್ಳಿನ ಸ್ಟಿಕಲ್‌ಬ್ಯಾಕ್. ನಮ್ಮ ಅಂಗಡಿಗಳಲ್ಲಿ ‘ಟ್ಯಾಂಕ್ ಕ್ಲೀನರ್’ ಎಂದು ಕೊಡುವ ಸಕ್ಕರ್ ಮೀನು ಸಹ. ಅದು ಬೆಚ್ಚನೆ ನೀರಿನದು, ಮೇಲಾಗಿ ಸ್ಟರ್ಜನ್ ಮೈಗೆ ಅಂಟಿ ಲೋಳೆ ಹೀರುತ್ತದೆ. ಬಿಲ್ಲೆಗಳ ನಡುವೆ ಹುರುಪೆಯಿಲ್ಲದ ಆ ಮೈಗೆ ಲೋಳೆಯೇ ಅಂಗಿ.

ಹೆಚ್ಚಿನವರು ಮರೆಯುವ ಜೊತೆಗಾರ ಇನ್ನೊಂದಿದೆ, ಅದೇ ಗಾತ್ರದ ಇನ್ನೊಂದು ಸ್ಟರ್ಲೆಟ್. ನನ್ನನ್ನು ಕೇಳಿದರೆ ಎರಡು ಸ್ಟರ್ಲೆಟ್, ಆರು ರಡ್, ಅಷ್ಟಕ್ಕೆ ನಿಲ್ಲಿಸಿ.

5. ಒಳಗೆ ಬಿಡುವ ಕ್ರಮ

ಫಿಲ್ಟರ್ ಪಳಗಬೇಕು, ಅಂದರೆ ಕಸ ಕರಗಿಸುವ ಬ್ಯಾಕ್ಟೀರಿಯಾ ಅದರಲ್ಲಿ ನೆಲೆಯೂರಿ, ಮೀನಿಗೆ ವಿಷವಾದ ಅಮೋನಿಯಾ, ನೈಟ್ರೈಟ್ ಎರಡೂ ನೀರಿನ ಪರೀಕ್ಷೆಯಲ್ಲಿ ಸೊನ್ನೆ ತೋರಿಸಬೇಕು. ತಣ್ಣೀರಿನಲ್ಲಿ ಇದಕ್ಕೆ ಹೆಚ್ಚು ದಿನ ಬೇಕು, ಅವಸರಪಡಬೇಡಿ. ಮೊದಲು ಸ್ಟರ್ಲೆಟ್ ಬಿಡಿ. ಅದು ಊಟ ಹಿಡಿದ ಮೇಲೆ ಉಳಿದವು. ಹೊಸ ಮೀನನ್ನು ಬೇರೆ ತೊಟ್ಟಿಯಲ್ಲಿ ಕನಿಷ್ಠ ಆರು ವಾರ ಇಟ್ಟು ನೋಡಿ. ಬಿಳಿಚುಕ್ಕೆ ರೋಗದ ಪರಾವಲಂಬಿ ಬೆಚ್ಚನೆ ನೀರಿನಲ್ಲಿ ಕೆಲವೇ ದಿನದಲ್ಲಿ ಸುತ್ತು ಮುಗಿಸಿದರೆ, ತಣ್ಣೀರಿನಲ್ಲಿ ವಾರಗಟ್ಟಲೆ ಅಡಗಿರುತ್ತದೆ. ಕೊಯ್‌ಗೆ ಹಾಕುವ ಔಷಧವನ್ನು ಮೀನಿನ ವೈದ್ಯರನ್ನು ಕೇಳದೆ ಸ್ಟರ್ಜನ್ ಇರುವ ನೀರಿಗೆ ಸುರಿಯಬೇಡಿ.

6. ಊಟ ಬಡಿಸುವುದು

ಸಂಜೆ ತೇಲುವ ಪೆಲೆಟ್ಟನ್ನು, ಅಂದರೆ ಗುಳಿಗೆಯಂಥ ಮೀನಾಹಾರವನ್ನು, ತೊಟ್ಟಿಯ ಒಂದು ತುದಿಯಲ್ಲಿ ಹಾಕಿ, ರಡ್‌ಗಳು ಹೊಟ್ಟೆ ತುಂಬಿಸಿಕೊಳ್ಳಲಿ. ದೀಪ ಆರಿಸಿ ಅರ್ಧ ಗಂಟೆ ಬಿಟ್ಟು, ಇನ್ನೊಂದು ತುದಿಯಲ್ಲಿ ತಳದವರೆಗೆ ಇಳಿಬಿಟ್ಟ ಪಿವಿಸಿ ಪೈಪಿನೊಳಗೆ ಮುಳುಗುವ ಸ್ಟರ್ಜನ್ ಪೆಲೆಟ್ ಸುರಿಯಿರಿ. ಅದರಲ್ಲಿ ಮೀನಿನ ಪ್ರೋಟೀನು, ಕೊಬ್ಬು ಹೆಚ್ಚಿರಬೇಕು. ಗೋಲ್ಡ್‌ಫಿಶ್ ಆಹಾರದ ಗೋಧಿ, ಸೋಯಾ ಇದಕ್ಕೆ ಒಗ್ಗದು. ಕತ್ತಲೆಂದು ಚಿಂತೆ ಬೇಡ. ಸ್ಟರ್ಜನ್‌ಗೆ ಕಣ್ಣು ಮಂದ, ಆದರೆ ಮೂತಿಯಡಿಯ ಮೀಸೆ ಮತ್ತು ಸಣ್ಣ ವಿದ್ಯುತ್ ಸೂಚನೆ ಹಿಡಿಯುವ ಗುಳಿಗಳಿಂದ ಮರಳಿನೊಳಗಿನ ಹುಳವನ್ನೂ ಪತ್ತೆ ಹಚ್ಚುತ್ತದೆ. ವಾರಕ್ಕೊಮ್ಮೆ ಎರೆಹುಳು ಕೊಟ್ಟರೆ ಹಬ್ಬ. ಉಳಿದದ್ದನ್ನು ಬೆಳಗ್ಗೆ ತೆಗೆಯಿರಿ.

ವಾರಕ್ಕೊಮ್ಮೆ ಮೇಲಿನಿಂದ ನೋಡಿ. ತಲೆಯ ಹಿಂದೆ ಮೈ ಸೊರಗಿದ್ದರೆ ಅದಕ್ಕೆ ಊಟ ತಲುಪುತ್ತಿಲ್ಲ. ಪೂರಾ ಸೊರಗಿ ಮೈ ಬಾಗಿದ ಸ್ಟರ್ಜನ್ ಮತ್ತೆ ಚೇತರಿಸಿಕೊಳ್ಳುವುದು ಅಪರೂಪ, ಹಾಗಾಗುವ ಮೊದಲೇ ಪಂಕ್ತಿಯಿಂದ ಒಬ್ಬರನ್ನು ಎಬ್ಬಿಸಿ. ಎಬ್ಬಿಸಿದ ಮೀನನ್ನು ಪಕ್ಕದ ಹೊಳೆಗೆ ಬಿಡುವಂತಿಲ್ಲ, ಆ ದೇಶಗಳಲ್ಲಿ ಅದು ಕಾನೂನಿಗೆ ವಿರುದ್ಧ. ಕೊಳವಿರುವ ಗೆಳೆಯರನ್ನು ಮೊದಲೇ ಹುಡುಕಿಟ್ಟುಕೊಳ್ಳಿ.

ಚಳಿಗಾಲದಲ್ಲಿ ನೀರು 8 ಡಿಗ್ರಿಗೆ ಇಳಿದಾಗ ಗೋಲ್ಡ್‌ಫಿಶ್ ಊಟ ಬಿಡುತ್ತದೆ, ರಡ್ ಮಂಕಾಗುತ್ತದೆ. ಸಾಕಿದವರೂ ಆಹಾರದ ಡಬ್ಬಿ ಮುಚ್ಚಿ ಎತ್ತಿಡುತ್ತಾರೆ. ಸ್ಟರ್ಜನ್ ಮಾತ್ರ ಆ ಚಳಿಯಲ್ಲೂ ಈಜುತ್ತಿರುತ್ತದೆ, ಹಸಿದಿರುತ್ತದೆ. ಜನವರಿಯ ರಾತ್ರಿ ಸ್ವೆಟರ್ ಹಾಕಿಕೊಂಡು ಗ್ಯಾರೇಜಿಗೆ ಹೋಗಿ, ಪೈಪಿನೊಳಗೆ ಒಂದು ಹಿಡಿ ಪೆಲೆಟ್ ಸುರಿದು ಬರುವ ಕೆಲಸ ಉಳಿದೇ ಇರುತ್ತದೆ.